ಕೈಮಾತು ಕಲಿಯಬೇಡವೆಂದ ನನ್ನೊಳಗಿನ ಅಧಿಕಾರಿಗಳಿಗೆ

ಮಾನ್ಯರೇ,

ನನ್ನೊಳಗೆ ಬಹುಕಾಲದಿಂದ ಬಿಟ್ಟಿಯಾಗಿ ವಾಸವಾಗಿದ್ದು, ನಾನು ಹೊಸದೇನನ್ನಾದರೂ ಕಲಿಯಹೊರಟ ಕೂಡಲೇ ಎದ್ದು ಕೂತು ‘ಬೇಡ’ ಎಂಬ ಮೊಹರು ಒತ್ತುವ ಆಕ್ಷೇಪಣಾಧಿಕಾರಿಗಳಾದ ತಮಗೆ, ತಮ್ಮ ಕೃಪೆಯಿಂದ ಇಂದಿಗೂ ಸೈಕಲ್ ತುಳಿಯಲು ಬಾರದ ಈ ಬಡಪಾಯಿಯ ತಲೆಬಾಗಿದ ವಂದನೆಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ನಾನು ಕೈಚೆಲ್ಲಿದಾಗಲೆಲ್ಲ ತಾವು ಮೈತುಂಬಿಕೊಳ್ಳುವುದನ್ನು ಕಂಡೇ ಇದ್ದೇನೆ.

ತಮಗೆ ತಿಳಿದಿರುವಂತೆ, ನಾನು ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಪ್ರಕಟಣೆ ಹೇಳುತ್ತಿದ್ದು ನಿವೃತ್ತನಾದವನು. ರೈಲು ತಡವೆಂಬ ಸುದ್ದಿಯನ್ನೂ ಕಿವಿಗೆ ಹಿತವಾಗುವಂತೆ ಹೇಳುತ್ತೇನೆಂದು ಹೆಸರಿತ್ತು. ಇಂಥವನ ಮೊಮ್ಮಗಳು ಪುಟ್ಟಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು ಎಂದು ವೈದ್ಯರು ಹೇಳಿದಾಗ, ಮಗಳು ಅಳಿಯ ಕೈಮಾತಿನ ತರಗತಿಗೆ ಸೇರಿದರು; ಹಿಂದೆಯೇ ನನ್ನ ಹೆಂಡತಿಯೂ ಚಪ್ಪಲಿ ಮೆಟ್ಟಿ ಹೊರಟಳು. ನಾನೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಆಗಲೇ ತಾವು ದಯಮಾಡಿಸಿದಿರಿ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ನನ್ನ ಬೆರಳುಗಳ ನೋವನ್ನು ಅಕ್ಕರೆಯಿಂದ ನೆನಪಿಸಿದಿರಿ. ಆಮೇಲೆ ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ತಪ್ಪು ಮಾಡಿದರೆ ಜನ ನಕ್ಕಾರೆಂದಿರಿ. ಕೊನೆಗೆ, ಮಗು ದೊಡ್ಡದಾದ ಮೇಲೆ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತದೆಂದು ಭರವಸೆಯನ್ನೂ ಕೊಟ್ಟಿರಿ. ತಮ್ಮ ಮಾತನ್ನು ನಂಬಿ ನಾನು ಪುಟ್ಟಿಯ ಮುಂದೆ ಕೂತು, ಪ್ಲಾಟ್‌ಫಾರಂ ಬದಲಾವಣೆ ಸಾರುವವನಂತೆ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಹೇಳುತ್ತಿದ್ದೆ. ಅವಳು ಮರ್ಯಾದೆಗೆ ಸ್ವಲ್ಪ ಹೊತ್ತು ನನ್ನ ಬಾಯಿಯನ್ನು ನೋಡಿ, ಅಜ್ಜಿಯ ಕಡೆಗೆ ಓಡಿಬಿಡುತ್ತಿದ್ದಳು.

ಹೀಗೆಯೇ ಅವಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಊಟದ ಮೇಜಿನ ಸುತ್ತ ಎಲ್ಲರ ಕೈಗಳೂ ಹರಟೆ ಹೊಡೆಯುತ್ತಿದ್ದರೆ ನಾನೊಬ್ಬ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ. ಒಂದು ಮಧ್ಯಾಹ್ನ ಪುಟ್ಟಿ ನನ್ನತ್ತ ತಿರುಗಿ, ಬೆರಳುಗಳನ್ನು ಕೊಕ್ಕಿನಂತೆ ಜೋಡಿಸಿ ಪಟಪಟನೆ ತೆರೆದು ಮುಚ್ಚಿದಳು. ಎಲ್ಲರೂ ನಕ್ಕರು.

“ಏನಂತೆ ಅದು?” ಎಂದು ಹೆಂಡತಿಯನ್ನು ಕೇಳಿದೆ.

“ನಿಮ್ಮ ಹೆಸರು. ಅವಳೇ ಇಟ್ಟಿದ್ದು. ಸುಮ್‌ಸುಮ್ನೆ ಬಾಯಾಡಿಸೋ ಅಜ್ಜ ಅಂತ.”

ಪುಟ್ಟಿ ಇನ್ನೂ ಏನೋ ಕೇಳಿದಳು. ಈ ಸಲ ಯಾರೂ ನಗಲಿಲ್ಲ.

“ಅಜ್ಜನಿಗೆ ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವಾ ಅಂತಿದಾಳೆ,” ಎಂದಳು ಹೆಂಡತಿ. “ಇದಕ್ಕೆ ನೀವೇ ಉತ್ತರ ಹೇಳಿ. ನಾನಂತೂ ಹೇಳಲ್ಲ.”

ಆಗ ಗಂಟಲವರೆಗೆ ಬಂದ ಉತ್ತರ ಅಲ್ಲಿಂದ ಕೈಗಿಳಿಯುವ ದಾರಿ ತಿಳಿಯದೆ ನಿಂತುಬಿಟ್ಟಿತು. ನಾನು ತಮ್ಮತ್ತ ನೋಡಿದೆ. ಎಲ್ಲದಕ್ಕೂ ಒಂದು ನೆಪ ಹೊಂದಿಸಿಕೊಡುತ್ತಿದ್ದ ತಾವು, ಅಂದು ತುಟಿಪಿಟಕ್ಕೆನ್ನಲಿಲ್ಲ.

ಮರುದಿನ ತರಗತಿಗೆ ಹೋದೆ. ಮೆಟ್ಟಿಲ ಬಳಿ ತಾವು ಮತ್ತೆ ಚೇತರಿಸಿಕೊಂಡು ನನ್ನ ಮಂಡಿಯ ವಿಚಾರ ಎತ್ತಿದ್ದು ನಿಜ. ಉತ್ತರ ಕೊಡದೆ ತಮ್ಮನ್ನೂ ಹೊತ್ತುಕೊಂಡೇ ಮೇಲೆ ಹತ್ತಿದೆ. ಕಲಿಸುವವಳು ತಾನೂ ಕಿವಿ ಕೇಳದ, ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ‘ನಾನು ಅಜ್ಜ’ ಎನ್ನಲು ಹೋಗಿ, ಗದ್ದದ ಬಳಿ ಬೆರಳು ತಪ್ಪಿ, ‘ನಾನು ಮೇಕೆ’ ಎಂದುಬಿಟ್ಟೆ. ತಾವು ಎಚ್ಚರಿಸಿದ್ದಂತೆಯೇ ತರಗತಿಗೆ ತರಗತಿಯೇ ನಕ್ಕಿತು. ಆದರೆ ಆ ನಗುವಿನಿಂದ ನನಗೆ ಏನೂ ಆಗಲಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ: ತರಗತಿಯ ಹೊತ್ತಿನಲ್ಲಿ ತಾವು ಹೊರಗೆ ಚಪ್ಪಲಿ ಕಾಯುತ್ತಿರಬೇಕು, ಮತ್ತು ನಾನು ಅಳಿಯನೊಂದಿಗೆ ರಾಜಕೀಯ ವಾದಿಸಲು ಬಾಯಿ ತೆರೆದಾಗ, ಅಲ್ಲಿ ಇದುವರೆಗೆ ಒಮ್ಮೆಯೂ ತೋರದ ತಮ್ಮ ಪ್ರತಿಭೆಯನ್ನು ತೋರಿಸಬೇಕು.

ಉತ್ತರವನ್ನು ಕೊನೆಗೂ ಪುಟ್ಟಿಗೆ ಕೊಟ್ಟೆ. ‘ನಿನ್ನ ಜೊತೆ ಮಾತಾಡಲು ಇಷ್ಟ’ ಎಂದು ಕೈಯಲ್ಲೇ, ಸೊಟ್ಟಸೊಟ್ಟಗೆ. ಅವಳು ತೊಡೆಯೇರಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸರಿಪಡಿಸಿ, ಮತ್ತೆ ಹೇಳು ಎಂದಳು. ಹೇಳಿದೆ. ಅರ್ಥವಾಗದವಳಂತೆ ಮುಖ ಮಾಡಿ, ಮತ್ತೆ ಹೇಳು ಎಂದಳು. ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತೆಂದು ನನಗೂ ಗೊತ್ತಿತ್ತು. ಆದರೂ ಹೇಳುತ್ತಲೇ ಇದ್ದೆ.

ತಮ್ಮ ವಿಶ್ವಾಸಿ, ಆದರೆ ಇನ್ನು ಮುಂದೆ ವಿಧೇಯನಲ್ಲದ,
ಪುಟ್ಟಿಯ ಅಜ್ಜ

ತಾ.ಕ.: ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಈಜು ಕಲಿಯಬೇಕೆಂದಿರುವುದರಿಂದ ತಮ್ಮನ್ನು ಅಲ್ಲಿಗೆ ಶಿಫಾರಸು ಮಾಡೋಣವೆಂದುಕೊಂಡಿದ್ದೆ. ವಿಚಾರಿಸಿದರೆ, ಅವರಲ್ಲಿ ತಮಗಿಂತ ಹಿರಿಯ ಅಧಿಕಾರಿಯೊಬ್ಬರು ಈಗಾಗಲೇ ಇದ್ದಾರಂತೆ; ನೀರು ತಣ್ಣಗಿದೆ ಎಂಬ ಒಂದೇ ಕಾರಣದ ಮೇಲೆ ಕಳೆದ ಬೇಸಿಗೆಯನ್ನೆಲ್ಲ ನಿಭಾಯಿಸಿದರಂತೆ. ತಾವು ಅವರಲ್ಲಿ ತರಬೇತಿಗೆ ಸೇರಬಹುದು, ಹೊಸದನ್ನು ಕಲಿಯಲು ತಮ್ಮ ಅಭ್ಯಂತರವಿಲ್ಲದಿದ್ದರೆ.