ಮೂರು ನಕ್ಷೆ, ಒಂದು ಹಲ್ಲಿನ ಸೆಟ್ಟು

ಬೆಳಿಗ್ಗೆ ಲ್ಯಾಬಿನ ಯಜಮಾನರ ಫೋನು ಬಂದಾಗಲೇ ಹಲ್ಲಣ್ಣ ಕೂತಲ್ಲಿಂದ ಎದ್ದು ನಿಂತ. ಯಜಮಾನರು ಒಳ್ಳೆಯ ಸುದ್ದಿ ಹೇಳಲು ಫೋನು ಮಾಡಿದವರೇ ಅಲ್ಲ.

"ಏನ್ರೀ, ಆ ಮುದುಕರ ಹಲ್ಲಿನ ಸೆಟ್ಟು ಪಾಲಿಶ್ ಮಾಡ್ತೀನಿ ಅಂತ ಮನೆಗೆ ತಗೊಂಡು ಹೋಗಿದ್ರಲ್ಲ, ಮುಗೀತಾ?"

"ಮುಗೀತು ಸಾರ್. ಕನ್ನಡಿ ಥರ ಹೊಳೀತಿದೆ."

"ಹೊಳೀಲಿ. ನಮ್ಮ ಡೆಲಿವರಿಯವನು ಮೆಟ್ಟಿಲಿಂದ ಬಿದ್ದು ಕಾಲು ಉಳುಕಿಸ್ಕೊಂಡಿದಾನೆ. ನೀವೇ ನೇರವಾಗಿ ಕ್ಲಿನಿಕ್ಕಿಗೆ ಮುಟ್ಟಿಸಿಬಿಡಿ. ಹೊಸ ಕ್ಲಿನಿಕ್ಕು, ಹೊಳೆ ಆಚೆ ಇದೆ. ಹನ್ನೊಂದಕ್ಕೆ ಪೇಷೆಂಟು ಬಾಯಿ ತೆಕ್ಕೊಂಡು ಕೂತಿರ್ತಾರೆ. ಅಷ್ಟರೊಳಗೆ ಸೆಟ್ಟು ಅಲ್ಲಿರಬೇಕು. ಹೋದ ತಿಂಗಳು ತಡ ಆಗಿದ್ದಕ್ಕೆ ಒಂದು ಕ್ಲಿನಿಕ್ಕು ಕೈಬಿಟ್ಟು ಹೋಯ್ತು. ಇದೂ ಹೋದ್ರೆ ಲ್ಯಾಬಲ್ಲಿ ಒಬ್ಬರನ್ನ ಕಮ್ಮಿ ಮಾಡ್ಬೇಕಾಗತ್ತೆ. ಯಾರನ್ನ ಅಂತ ಬಿಡಿಸಿ ಹೇಳ್ಬೇಕಾ?"

ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಹಲ್ಲಣ್ಣ ಫೋನು ಕೆಳಗಿಟ್ಟು ಗೋಡೆ ಹಿಡಿದು ನಿಂತ.

ಅವನ ನಿಜವಾದ ಹೆಸರು ಪಾಸ್‌ಪೋರ್ಟಿನಲ್ಲಿತ್ತು, ಅದು ಅಲ್ಲಿ ಬಿಟ್ಟು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಕಟ್ಟಡದಲ್ಲಿದ್ದ ಕನ್ನಡದವರೆಲ್ಲ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಪ್ಲಾಸ್ಟರಿನ ದವಡೆ ಮುಂದಿಟ್ಟುಕೊಂಡು ಮೇಣ ಒತ್ತಿ, ಒಂದೊಂದೇ ಹಲ್ಲು ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು. ಆದರೆ ಹೊರಗಿನ ಲೋಕವೆಂದರೆ ಅವನಿಗೆ ಜೀವಭಯ. ಈ ದೇಶಕ್ಕೆ ಬಂದು ವರ್ಷವಾಗುತ್ತ ಬಂದಿದ್ದರೂ ಅವನಿಗೆ ಗೊತ್ತಿದ್ದದ್ದು ಒಂದೇ ಬಸ್ಸು, ಅದರಲ್ಲಿ ಒಂದೇ ಸೀಟು. ಒಮ್ಮೆ ರಸ್ತೆ ಅಗೆದಿದ್ದಾರೆಂದು ಬಸ್ಸು ಬೇರೆ ಬೀದಿಗೆ ತಿರುಗಿದಾಗ, ಅವನು ಕೂಗಿ ನಿಲ್ಲಿಸಿ ಇಳಿದು, ಬಂದ ದಾರಿಯಲ್ಲೇ ಓಡಿ ಮನೆ ಸೇರಿ ರಜೆ ಹಾಕಿದ್ದ.

"ಅಷ್ಟಕ್ಕೆಲ್ಲ ಯಾಕೆ ಹೆದರ್ತೀರಿ? ಫೋನಲ್ಲಿ ಮ್ಯಾಪು ಇರತ್ತೆ. ಅದು ಹೇಳಿದ ಹಾಗೆ ನಡೀತಾ ಹೋಗಿ" ಎಂದು ಹೆಂಡತಿ ಧೈರ್ಯ ಹೇಳಿದಳು.

ಹಲ್ಲಣ್ಣ ಸೆಟ್ಟಿನ ಡಬ್ಬಿಯನ್ನು ಚೀಲಕ್ಕೆ ಹಾಕಿ, ಶೂ ತೊಟ್ಟು, ಹೊಸಿಲ ಬಳಿ ನಿಂತು ಮ್ಯಾಪು ತೆರೆದ. ಪರದೆಯ ಮೇಲೆ ಮೊದಲ ಸಾಲೇ ಬಂತು: "ಎಲ್ಲಿಗೆ ಹೋಗಬೇಕು?"

ಫೋನು ಕೈಯಿಂದ ಜಾರಿತು.

"ಹೊರಡೋ ಹೊತ್ತಲ್ಲಿ ಎಲ್ಲಿಗೆ ಅಂತ ಕೇಳಿಬಿಡ್ತಲ್ಲೇ ಇದು!"

ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಲ್ಲಣ್ಣನ ಅಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ತೀರ ತಿಳಿಯಲೇಬೇಕಿದ್ದರೆ "ದೂರ ಹೊರಟ್ರಾ?" ಎಂದು ಕೇಳುತ್ತಿದ್ದರೇ ಹೊರತು ಎಲ್ಲಿಗೆ ಎನ್ನುತ್ತಿರಲಿಲ್ಲ. ಯಾರಾದರೂ ಬಾಯಿತಪ್ಪಿ ಕೇಳಿದರೆ ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಹಲ್ಲಣ್ಣ ಶೂ ಬಿಚ್ಚಿ, ಕೂತು, ನೀರು ಕುಡಿದ. ಮತ್ತೆ ಶೂ ತೊಟ್ಟು ಮ್ಯಾಪು ತೆರೆದ. ಅದು ಮತ್ತೆ ಎಲ್ಲಿಗೆ ಎಂದು ಕೇಳಿತು. ಅವನು ಮತ್ತೆ ಶೂ ಬಿಚ್ಚಿದ.

"ಹೀಗೇ ನೀರು ಕುಡೀತಾ ಇದ್ರೆ ಹನ್ನೊಂದು ಗಂಟೆ ಇಲ್ಲೇ ಹೊಡೆಯತ್ತೆ" ಎಂದು ಹೆಂಡತಿ ಫೋನು ಕಿತ್ತುಕೊಂಡಳು. "ನಿಮ್ಮನ್ನ ಕೇಳಿದ್ರೆ ತಾನೇ ಅಪಶಕುನ? ಬೇರೆಯವರನ್ನ ಕೇಳ್ಲಿ ಬಿಡಿ." ಎದುರು ಮನೆಯ ಬಾಗಿಲು ತಟ್ಟಿದಳು.

ಆ ಬಾಗಿಲು ತಟ್ಟಿದ್ದೇ ತಪ್ಪಾಯಿತು. ಎದುರು ಮನೆಯ ಆಡಿಟರ್ ಕನ್ನಡಕ ಏರಿಸಿ ಫೋನು ನೋಡಿ ಮುಖ ಸಿಂಡರಿಸಿದರು. "ಈ ಮ್ಯಾಪನ್ನ ಯಾರಾದ್ರೂ ನಂಬ್ತಾರೇನ್ರೀ? ನನ್ನದು ಹಾಕ್ಕೊಡ್ತೀನಿ ತಡೀರಿ. ಒಂದು ಹೆಜ್ಜೆ ಉಳಿಯತ್ತೆ ಅಂದ್ರೂ ಉಳಿಸತ್ತೆ. ಇದರಷ್ಟು ಹತ್ತಿರದ ದಾರಿ ಯಾವುದೂ ತೋರಿಸಲ್ಲ."

ಸದ್ದು ಕೇಳಿ ಮೇಲಿನ ಮನೆಯ ನರ್ಸಕ್ಕ ಇಳಿದು ಬಂದರು. "ಹತ್ತಿರದ್ದು ಕಟ್ಕೊಂಡು ಏನ್ಮಾಡ್ತಾರೆ? ಸುರಕ್ಷಿತ ಮುಖ್ಯ. ನಂದು ಹಾಕಿ. ಯಾವ ದಾರೀಲಿ ಹೋದ್ರೂ ಪಕ್ಕದಲ್ಲೇ ಒಂದು ಆಸ್ಪತ್ರೆ ಇರೋ ಹಾಗೆ ಕರ್ಕೊಂಡು ಹೋಗತ್ತೆ."

"ಆಸ್ಪತ್ರೆ ಯಾಕಕ್ಕಾ ಬೇಕಾಗತ್ತೆ?" ಹಲ್ಲಣ್ಣ ಕೇಳಿದ.

"ಹೇಳಕ್ಕಾಗಲ್ಲ ಅಲ್ವಾ?" ಎಂದರು ನರ್ಸಕ್ಕ, ಸಮಾಧಾನ ಹೇಳುವ ದನಿಯಲ್ಲೇ.

ಅಷ್ಟರಲ್ಲಿ ಕೆಳಗಿನ ಮನೆಯ ಲಾರಿ ಮಾವ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದೇಬಿಟ್ಟ. ಹೆಂಡತಿಗೆ ದೂರದ ಸಂಬಂಧದಲ್ಲಿ ಸೋದರಮಾವನಾಗಬೇಕಾದ ಈತ ಲಾರಿ ಓಡಿಸುತ್ತ ಈ ದೇಶವನ್ನು ಅಡ್ಡಉದ್ದ ಅಳೆದವನು. "ಅವೆಲ್ಲ ಮಕ್ಕಳ ಆಟ ಕಣೋ ಅಳಿಯಾ. ನೆಟ್ಟು ಹೋದ್ರೆ ಅವುಗಳ ಬಾಯಿ ಬಂದ್. ನನ್ನ ಮ್ಯಾಪಿಗೆ ನೆಟ್ಟೇ ಬೇಡ. ನಂಬು ನನ್ನ."

ಯಾರ ಮಾತು ತೆಗೆದುಹಾಕಿದರೂ ನಾಳೆ ಮೆಟ್ಟಿಲ ಮೇಲೆ ಮುಖ ತೋರಿಸುವುದು ಕಷ್ಟ. ಹಲ್ಲಣ್ಣ ಕಂಗಾಲಾಗಿ ಮೂವರಿಗೂ ತಲೆಯಾಡಿಸಿದ. ಮೂವರೂ ಸರದಿಯ ಮೇಲೆ ಫೋನು ತೆಗೆದುಕೊಂಡು, ತಮ್ಮ ತಮ್ಮ ಮ್ಯಾಪು ಇಳಿಸಿ, ಎಲ್ಲಿಗೆಂಬ ಪ್ರಶ್ನೆಗೆ ಅವನ ಪರವಾಗಿ ತಾವೇ ಉತ್ತರ ಕೊಟ್ಟರು. ಆಡಿಟರ್ ತೀರ್ಪು ಹೇಳಿದರು: "ಮೂರೂ ಆನ್ ಆಗಿರ್ಲಿ. ಎರಡು ಒಂದೇ ಮಾತು ಹೇಳಿದ್ರೆ ಅದೇ ದಾರಿ. ಬಹುಮತ ಯಾವತ್ತೂ ಮೋಸ ಮಾಡಲ್ಲ."

ಹೊಳೆ ದಾಟುವವರೆಗೆ ಬಸ್ಸಿತ್ತು, ಭಯವಿದ್ದರೂ ಕೂರಲು ಜಾಗವಿತ್ತು. ಸೇತುವೆಯಾಚೆ ಇಳಿದ ಕೂಡಲೇ ಫೋನಿಗೆ ಜೀವ ಬಂತು. ಆಡಿಟರ ಮ್ಯಾಪಿನ ಹೆಣ್ಣುದನಿ "ಬಲಕ್ಕೆ ತಿರುಗಿ" ಎಂದಿತು. ನರ್ಸಕ್ಕನದು "ಎಡಕ್ಕೆ ತಿರುಗಿ" ಎಂದಿತು. ಲಾರಿ ಮಾವನದು ಗಂಡು ಗಂಟಲಲ್ಲಿ "ನೇರ ಹೋಗಿ" ಎಂದು ಗದರಿತು. ಹಲ್ಲಣ್ಣ ಮೂರು ದಾರಿ ಕೂಡುವಲ್ಲಿ ಡಬ್ಬಿಯ ಚೀಲ ಅಪ್ಪಿಕೊಂಡು ನಿಂತ. ಬಹುಮತಕ್ಕಾಗಿ ಕಾದ. ಯಾವುದೂ ಪಕ್ಷ ಬದಲಿಸಲಿಲ್ಲ.

ಕೊನೆಗೆ ಓದಿದವರ ಮ್ಯಾಪು ಎಂಬ ಗೌರವಕ್ಕೆ ಬಲಕ್ಕೆ ತಿರುಗಿದ. ಅದು ನಿಜಕ್ಕೂ ಹೆಜ್ಜೆ ಉಳಿಸುವ ಮ್ಯಾಪು. ಸುತ್ತಿ ಹೋಗುವ ಬದಲು ಒಂದು ದೊಡ್ಡ ಅಂಗಡಿಯ ಹೊಟ್ಟೆಯೊಳಗೇ ಅವನನ್ನು ನುಗ್ಗಿಸಿತು. ಬಟ್ಟೆ ಸಾಲು ದಾಟಿ, ಪಾತ್ರೆ ಸಾಲು ದಾಟಿ, ಒಂದು ಬಾಗಿಲು ತಳ್ಳಿದ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ನೋಡಿದರೆ ಕತ್ತಲೆ ಗೋದಾಮು, ಸುತ್ತಲೂ ರಟ್ಟಿನ ಪೆಟ್ಟಿಗೆ. ತಳ್ಳಿದ ಬಾಗಿಲಿಗೆ ಈ ಕಡೆಯಿಂದ ಹಿಡಿಯೇ ಇರಲಿಲ್ಲ.

"ಯಾರದು?" ಎಂಬರ್ಥದ ಗರ್ಜನೆ ಕೇಳಿಸಿತು. ಒಬ್ಬ ಕಾವಲುಗಾರ ಮುಖಕ್ಕೆ ಟಾರ್ಚು ಬಿಟ್ಟು ಚೀಲದ ಕಡೆ ಬೆರಳು ತೋರಿಸಿದ. ಕಳ್ಳ ಎಂದು ಹಿಡಿದರೆ ಮುಗಿಯಿತು, ನೇರ ವಿಮಾನ ಹತ್ತಿಸುತ್ತಾರೆ. ಹಲ್ಲಣ್ಣ ಅವಸರದಲ್ಲಿ ಡಬ್ಬಿ ತೆಗೆದು ಮುಚ್ಚಳ ತೆರೆದ. ಟಾರ್ಚಿನ ಬೆಳಕಿನಲ್ಲಿ ಪಾಲಿಶ್ ಮಾಡಿದ ಸೆಟ್ಟು ಹಲ್ಲು ಕಿರಿಯಿತು. ಕಾವಲುಗಾರ ಕಿಟಾರನೆ ಕಿರುಚಿ ಹಿಂದಿನ ಬಾಗಿಲು ತೆರೆದು ತಾನೇ ಮೊದಲು ಓಡಿಹೋದ. ಹಲ್ಲಣ್ಣನೂ ಅವನ ಹಿಂದೆಯೇ ಓಡಿ ಬೀದಿಗೆ ಬಿದ್ದ.

ಇನ್ನು ಆಡಿಟರ ಸಹವಾಸ ಬೇಡವೆಂದು ಲಾರಿ ಮಾವನನ್ನು ನಂಬಿದ. ಆ ದಾರಿ ಬರಬರುತ್ತ ಅಗಲವಾಯಿತು. ಫುಟ್‌ಪಾತು ಮಾಯವಾಯಿತು. ಮುಂದೆ ಹಿಂದೆ ಬರೀ ಲಾರಿಗಳು, ಭೋರೆಂದು ಹಾರನ್ನು ಹೊಡೆಯುತ್ತಿದ್ದವು. "ಮುಂದೆ ತಗ್ಗಾದ ಸೇತುವೆ ಇದೆ, ಎತ್ತರ ಗಮನಿಸಿ" ಎಂದು ಫೋನು ಎಚ್ಚರಿಸಿತು. ಹಲ್ಲಣ್ಣ ಹೆದರಿ ತಲೆ ತಗ್ಗಿಸಿ ನಡೆದ. ಸೇತುವೆ ಅವನ ತಲೆಗಿಂತ ಎರಡಾಳು ಮೇಲಿತ್ತು. "ನಿಮ್ಮ ವಾಹನದ ಭಾರ ಪರೀಕ್ಷಿಸಲು ಎಡಕ್ಕೆ ಬನ್ನಿ" ಎಂದಾಗ ಅವನಿಗೆ ಅರ್ಥವಾಯಿತು, ಮಾವನ ಮ್ಯಾಪಿಗೆ ತಾನೊಂದು ಲಾರಿ.

ಅಷ್ಟರಲ್ಲಿ ಹೆಂಡತಿಯ ಫೋನು; ಅವನು ಎಲ್ಲಿದ್ದಾನೆಂಬುದು ಅವಳ ಫೋನಿನಲ್ಲಿ ಕಾಣುತ್ತಿತ್ತು. ಹಿಂದಿನಿಂದ ಮೂವರ ದನಿ.

"ಅಲ್ಲಿ ಯಾಕ್ರೀ ಹೋದ್ರಿ? ನನ್ನ ಬಲಗಡೆ ದಾರಿ ಏನಾಯ್ತು?"

"ಅವರು ಹೆದರ್ಕೊಂಡಿದ್ದಾರೆ ಆಡಿಟರೇ, ಸುಮ್ನಿರಿ. ಅಣ್ಣಾ, ಉಸಿರು ಎಳ್ಕೊಂಡು ನಿಧಾನಕ್ಕೆ ಬಿಡಿ. ಹತ್ತಿರದಲ್ಲೇ ಆಸ್ಪತ್ರೆ ಇದೆ."

"ಅಳಿಯಾ, ಎಡಗಡೆ ಲೇನ್ ಬಿಡ್ಬೇಡ!"

"ರೀ, ಇನ್ನು ಅರ್ಧ ಗಂಟೆನೂ ಇಲ್ಲ" ಎಂದಳು ಹೆಂಡತಿ ಅಳುದನಿಯಲ್ಲಿ. ಅವನು ಬಾಯಿ ತೆರೆಯುವಷ್ಟರಲ್ಲಿ ಫೋನಿನ ಬ್ಯಾಟರಿ ಸತ್ತಿತು. ಮೂರು ಮ್ಯಾಪುಗಳ ಜಗಳವನ್ನು ಅದಾದರೂ ಎಷ್ಟು ಹೊತ್ತು ತಡೆದೀತು!

ಆಗ ಬಂದ ಭಯವೇ ಬೇರೆ. ಅಲ್ಲಿಯವರೆಗೆ ತಪ್ಪು ದಾರಿಯಾದರೂ ಇತ್ತು, ಈಗ ದಾರಿಯೇ ಇರಲಿಲ್ಲ. ಹೇಗೋ ಲಾರಿ ರಸ್ತೆ ಬಿಟ್ಟು ಒಂದು ಅಂಗಡಿ ಬೀದಿಗೆ ಬಂದ. ಒಬ್ಬ ಹೆಂಗಸಿಗೆ ಕ್ಲಿನಿಕ್ಕಿನ ಹೆಸರು ಹೇಳಿದ. ಆಕೆ ಕೈ ನಾಲ್ಕೂ ದಿಕ್ಕಿಗೆ ಬೀಸುತ್ತ ಉದ್ದಕ್ಕೆ ವಿವರಿಸಿದಳು. ಅವನಿಗೆ ಅಲ್ಲಿನ ಭಾಷೆಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಬರುತ್ತಿದ್ದದ್ದು ಮಾತ್ರ ಲ್ಯಾಬಿನ ನಾಲ್ಕು ಮಾತು: ಹಲ್ಲು, ಬಾಯಿ, ಕಚ್ಚು, ಬೇಗ. ತಲೆಯಾಡಿಸಿ, ಕೈ ಮುಗಿದು, ನಿಂತಲ್ಲೇ ನಿಂತ. ಕಣ್ಣಲ್ಲಿ ನೀರು ತುಂಬಿತು.

ಆಗಲೇ ಎದುರಿನಿಂದ ಒಬ್ಬ ಮುದುಕರು ಬಂದರು. ಮುಖ ಎತ್ತಿ ನೋಡಿದ ಹಲ್ಲಣ್ಣ ಕಣ್ಣರಳಿಸಿದ. ಮುಂದೆ ಚಾಚಿದ ಕೆಳದವಡೆ, ಎಡಕ್ಕೆ ತುಸು ಇಳಿಜಾರು, ಒಳಗೆ ಸೆಳೆದುಕೊಂಡ ತುಟಿ. ಈ ದವಡೆ ತನಗೆ ಗೊತ್ತು! ವಾರಗಟ್ಟಲೆ ಇದರ ಪ್ಲಾಸ್ಟರಿನ ಅಚ್ಚನ್ನು ಮುಂದಿಟ್ಟುಕೊಂಡು ಒದ್ದಾಡಿದ್ದ. ಹೆಂಡತಿಯ ಮುಖಕ್ಕಿಂತ ಹೆಚ್ಚಾಗಿ ಈ ದವಡೆಯನ್ನೇ ನೋಡಿದ್ದ. ಸೆಟ್ಟು ಸೇರಬೇಕಾದವರು ಇವರೇ, ಹೊರಟಿರುವುದೂ ಆ ಕ್ಲಿನಿಕ್ಕಿಗೇ. ಇವರ ಬೆನ್ನು ಹಿಡಿದರೆ ಸಾಕು! ಮೂರು ಮ್ಯಾಪಿಗಿಂತ ಈ ಒಬ್ಬ ಮುದುಕರು ನಂಬಿಕಸ್ತರು ಎನಿಸಿ ಹೋದ ಜೀವ ಬಂದಂತಾಯಿತು.

ಹಲ್ಲಣ್ಣ ಹಿಂದೆ ಹಿಂದೆ ನಡೆದ. ಮುದುಕರು ತಿರುಗಿ ನೋಡಿ ಹೆಜ್ಜೆ ಬಿರುಸು ಮಾಡಿದರು. ಅವನೂ ಬಿರುಸಾಗಿ ನಡೆದ. ಅವರು ರಸ್ತೆ ದಾಟಿದರೆ ಇವನೂ ದಾಟಿದ. ಅಪಾರ್ಥವಾಗದಿರಲೆಂದು ಚೀಲ ಎತ್ತಿ ತೋರಿಸಿ, ತನಗೆ ಬರುವ ನಾಲ್ಕು ಮಾತನ್ನೂ ಒಟ್ಟಿಗೇ ಕೂಗಿದ: "ಬಾಯಿ! ಹಲ್ಲು! ಬೇಗ! ಕಚ್ಚು!"

ಮುದುಕರು ಹೌಹಾರಿ ಓಡತೊಡಗಿದರು. ಈ ವಯಸ್ಸಿಗೆ ಎಂಥ ಓಟ! ಪಾಪ, ಅವರಿಗೂ ಹನ್ನೊಂದರ ಆತುರ ಎಂದುಕೊಂಡು ಹಲ್ಲಣ್ಣನೂ ಓಡಿದ. ಎರಡು ಬೀದಿ ದಾಟಿ ಮುದುಕರು ಒಂದು ಬಾಗಿಲೊಳಗೆ ನುಗ್ಗಿದರು. ಹಿಂದೆಯೇ ನುಗ್ಗಿದ ಹಲ್ಲಣ್ಣ ಕಣ್ಣು ಬಿಟ್ಟು ನೋಡಿದರೆ, ಅದು ಪೊಲೀಸ್ ಠಾಣೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಕನಸಿನಲ್ಲೂ ಹೆದರುತ್ತಿದ್ದ ಜಾಗ ಅದು. ಮುದುಕರು ಮೇಜಿನ ಹಿಂದಿದ್ದ ಪೊಲೀಸಮ್ಮನ ಮುಂದೆ ಕೈ ಬಡಿದು ಏನೇನೋ ಹೇಳಿದರು. ಹಲ್ಲಿಲ್ಲದ ಬಾಯಿಂದ ಬಂದದ್ದೆಲ್ಲ ಬರೀ ಗಾಳಿ. "ಫು, ಫೋ, ಫಫ್ಫ" ಎಂದು ಅವರು ಹಲ್ಲಣ್ಣನತ್ತ ತೋರಿಸಿದಷ್ಟೂ ಪೊಲೀಸಮ್ಮನ ಮುಖ ಅರಳಿತು. ದಾರಿ ತಪ್ಪಿದ ವೃದ್ಧರನ್ನು ಈ ಪರದೇಶದವನು ಕೈಬಿಡದೆ ಠಾಣೆಗೆ ತಲುಪಿಸಿದ್ದಾನೆ ಎಂದು ಆಕೆ ತಿಳಿದಳು. ಎದ್ದು ಬಂದು ಹಲ್ಲಣ್ಣನ ಕೈ ಕುಲುಕಿದಳು, ಕೂರಿಸಿ ನೀರು ಕೊಟ್ಟಳು.

ಹಲ್ಲಣ್ಣ ಉಸಿರು ಬಿಟ್ಟು ಕ್ಲಿನಿಕ್ಕಿನ ಹೆಸರು ಹೇಳಿದ. ಆಕೆ ನಕ್ಕು ಕಿಟಕಿಯಾಚೆ ತೋರಿಸಿದಳು. ಎದುರುಗಡೆಯೇ ಬೋರ್ಡು ಕಾಣುತ್ತಿತ್ತು! ಮುದುಕರು ಸರಿಯಾದ ದಾರಿಯಲ್ಲೇ ಕರೆತಂದಿದ್ದರು, ಕೊನೇ ಗಳಿಗೆಯಲ್ಲಿ ಬಾಗಿಲು ಬದಲಿಸಿದ್ದರು ಅಷ್ಟೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೆಲಸ ಉಳಿಯಿತು, ವೀಸಾ ಉಳಿಯಿತು. ಹಲ್ಲಣ್ಣ ಆ ದಿನ ಮೊದಲ ಬಾರಿಗೆ ನಕ್ಕ.

ಆದರೆ ಪೊಲೀಸಮ್ಮನಿಗೆ ಇಂಥ ಒಳ್ಳೆಯವನ ಬಗ್ಗೆ ಮುದುಕರ ಬಾಯಿಂದಲೇ ನಾಲ್ಕು ಮಾತು ಕೇಳುವ ಆಸೆ. ಚೀಲದಲ್ಲೇನು ಎಂದು ಸನ್ನೆ ಮಾಡಿದಳು. ಹಲ್ಲಣ್ಣ ಹೆಮ್ಮೆಯಿಂದಲೇ ಡಬ್ಬಿ ತೆರೆದ. ಹಲ್ಲು ಕಂಡದ್ದೇ ತಡ, ಮುದುಕರು ಬಾಯಿ ತೆರೆದು ಎರಡೂ ಕೈ ಚಾಚಿದರು. ಲ್ಯಾಬಿನವರು ಪೇಷೆಂಟಿನ ಬಾಯಿಗೆ ಕೈ ಹಾಕುವಂತಿಲ್ಲವೆಂದು ಹಲ್ಲಣ್ಣ ಒಂದು ಕ್ಷಣ ಹಿಂಜರಿದ. ಪೊಲೀಸಮ್ಮ "ಹಾಕು, ಹಾಕು" ಎಂದು ಕೈ ಮಾಡಿದಳು. ಪೊಲೀಸರ ಮಾತು ಮೀರುವುದುಂಟೆ? ನಲ್ಲಿಯಲ್ಲಿ ತೊಳೆದು, ಮೊದಲು ಮೇಲಿನದು, ಆಮೇಲೆ ಕೆಳಗಿನದು ಕೂರಿಸಿದ. ಎಲ್ಲೂ ಸಡಿಲವಿಲ್ಲ, ಎಲ್ಲೂ ಒತ್ತುವುದಿಲ್ಲ. ಅವನ ಕೈಯಿಂದ ಇಷ್ಟು ಚೆಂದದ ಸೆಟ್ಟು ಇದುವರೆಗೆ ಬಂದಿರಲಿಲ್ಲ.

ಮುದುಕರು ಎರಡು ಸಲ ಕಟಕಟ ಕಚ್ಚಿ ನೋಡಿಕೊಂಡರು. ಮುಖ ಬೆಳಗಿತು. ಪೊಲೀಸಮ್ಮ ಹೊಗಳಿಕೆ ಕೇಳಲು ಮುಂದೆ ಬಾಗಿದಳು. ಮುದುಕರು ಹಲ್ಲಣ್ಣನತ್ತ ಬೆರಳು ಚಾಚಿದರು.

"ಈ ಮನುಷ್ಯ ನನ್ನನ್ನ ಕಚ್ಚೋದಕ್ಕೆ ಅಂತ ಬೀದಿಯುದ್ದಕ್ಕೂ ಅಟ್ಟಿಸ್ಕೊಂಡು ಬಂದ. ಆಗಿಂದ ಅದನ್ನೇ ಬಡ್ಕೋತಾ ಇದೀನಿ. ಮೊದಲು ಇವನನ್ನ ಹಿಡಿದು ಒಳಗೆ ಹಾಕಿ!"

ಮಾತು ಎಷ್ಟು ಸ್ಪಷ್ಟವಾಗಿತ್ತೆಂದರೆ, ಆ ಭಾಷೆ ಅರೆಬರೆ ತಿಳಿಯುವ ಹಲ್ಲಣ್ಣನಿಗೂ ಒಂದೊಂದು ಅಕ್ಷರವೂ ಅರ್ಥವಾಯಿತು.