ದೊಡ್ಡಪ್ಪನ ಹಾರ್ನು, ದೊಡ್ಡಮ್ಮನ ಎಸಿ

ದೊಡ್ಡಪ್ಪನ ಕಾರಿನ ಹಾರ್ನಿಗೆ ಮೌನವ್ರತ ಹಿಡಿಸಿದವನು ನಾನೇ. ಊರಿನವರು ಸನ್ಮಾನ ಮಾಡುವುದಾದರೆ ಶಾಲು ಸಾಕು, ಹಣ್ಣಿನ ಬುಟ್ಟಿ ಬೇಡ. ಸುತ್ತಲೂ ಮಾವಿನ ತೋಟಗಳೇ ಇರುವ ನಮ್ಮ ಶ್ರೀನಿವಾಸಪುರದಲ್ಲಿ ಮಾವು ಯಾರಿಗೆ ಬೇಕು? ಆದರೆ ಅದು ಸಾಹಸವೇನಲ್ಲ. ನನಗೆಲ್ಲ ಗೊತ್ತು ಎಂಬ ಅಪ್ಪಟ ದಡ್ಡತನ.

ನಮ್ಮ ದೊಡ್ಡಪ್ಪ ಕಾರು ಓಡಿಸುವುದೇ ಹಾರ್ನಿನಿಂದ. ಸ್ಟೀರಿಂಗು, ಬ್ರೇಕು ಏನಿದ್ದರೂ ಪಕ್ಕವಾದ್ಯ. ಎದುರಿಗೆ ಲಾರಿ ಬಂದರೆ ಹೊಡೆಯುತ್ತಾರೆ, ಯಾರೂ ಬರದಿದ್ದರೆ ಯಾಕೆ ಬರಲಿಲ್ಲವೆಂದು ಹೊಡೆಯುತ್ತಾರೆ. ಮನೆ ಮುಂದೆ ಕಾರಿನಲ್ಲೇ ಕುಳಿತು ಹಾರ್ನ್ ಹೊಡೆದು ಕಾಫಿ ತರಿಸಿಕೊಂಡದ್ದೂ ಉಂಟು. ಮದುವೆಮನೆಗಳಲ್ಲಿ ನಾನು ಅವರ ದನಿಯನ್ನು ಅನುಕರಿಸುವಾಗ ಬೈಗುಳದ ನಡುವೆ ಒಂದು "ಪೋಂ" ಸೇರಿಸಿದರೆ ಸಾಕು, ನೆಂಟರೆಲ್ಲ ಪಕ್ಕಕ್ಕೆ ಸರಿಯುತ್ತಾರೆ.

ಎಸಿ ಕಂಡರೆ ಮಾತ್ರ ಅವರಿಗೆ ಆಗದು. "ಗಾಡಿ ಎಳೆಯಲ್ಲ ಕಣೋ" ಎಂಬ ವಾದ. ಆಯುಧಪೂಜೆಯ ದಿನ ಹಾಕಿ, ಕುಂಕುಮ ಇಟ್ಟು, ಆರಿಸಿಬಿಟ್ಟರೆ ಆ ವರ್ಷಕ್ಕೆ ಮುಗಿಯಿತು.

ಈ ಬೇಸಿಗೆಯಲ್ಲಿ ಕೋಲಾರದ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಕಣ್ಣಿನ ಪೊರೆ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು, "ಕಣ್ಣಿಗೆ ಧೂಳು, ಬೆವರು ತಾಗಬಾರದು. ಗ್ಲಾಸ್ ಏರಿಸಿ ಎಸಿ ಹಾಕ್ಕೊಂಡು ಹೋಗಿ" ಎಂದರು. ದೊಡ್ಡಪ್ಪ ಗಂಭೀರವಾಗಿ ಸ್ವಿಚ್ ಒತ್ತಿದರು. ದೀಪವೇನೋ ಹತ್ತಿತು. ಬಂದದ್ದು ಮಾತ್ರ ಮುದ್ದೆ ಪಾತ್ರೆಯ ಮುಚ್ಚಳ ತೆಗೆದಂಥ ಬಿಸಿಗಾಳಿ.

"ಒಂದೇ ಒಂದ್ ದಿನ ನಿನ್ನ ಕೇಳ್ದೆನಲ್ಲ" ಎಂದು ಡ್ಯಾಶ್‌ಬೋರ್ಡಿಗೆ ಗುದ್ದಿದರು.

"ವರ್ಷವೆಲ್ಲ ಅದನ್ನ ಮಾತಾಡ್ಸಿಲ್ಲ ನೀವು. ಅದೂ ಮುನಿಸ್ಕೊಂಡಿದೆ" ಎಂದೆ. ಮುಂದಿನ ಗುದ್ದು ನನಗೇ ಬೀಳುವಂತಿತ್ತು, ಕೆಳಗಿಳಿದೆ.

ಭಾನುವಾರ, ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಹಣೆಯ ಬೆವರು ಕೆಳಗಿಳಿಯದಂತೆ ಸೆರಗು ಒತ್ತಿಕೊಳ್ಳುತ್ತಿದ್ದರು. ನಾನು ಮೊಬೈಲಿನಲ್ಲಿ ವಿಡಿಯೋ ಹಾಕಿ ಬಾನೆಟ್ ಎತ್ತಿದೆ. ಫ್ಯೂಸ್ ಸುಟ್ಟಿರಲಿಲ್ಲ. ಸ್ವಿಚ್ ಒತ್ತಿದಾಗ ಒಳಗೆ ಟಕ್ ಎನ್ನಬೇಕಂತೆ; ಎನ್ನಲಿಲ್ಲ. ಹಾಗಾದರೆ ಎಸಿಯ ರಿಲೇ ಹೋಗಿದೆ ಎಂದಿತು ವಿಡಿಯೋ. ರಿಲೇ ಎಂದರೆ ಕರೆಂಟು ಹಾಯಿಸುವ, ಹೆಬ್ಬೆರಳಿನಷ್ಟು ಒಂದು ಕರಿ ಡಬ್ಬಿ. ಪಕ್ಕದಲ್ಲೇ ಅದರ ಅವಳಿಯಂಥ ಇನ್ನೊಂದು ಕುಳಿತಿತ್ತು. ಅದನ್ನು ಕಿತ್ತು ಇಲ್ಲಿಗೆ ಒತ್ತಿದೆ. ಟಕ್! ತಣ್ಣನೆಯ ಗಾಳಿ.

ಕಾಲರ್ ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕುಳಿತೆ. ಗೇಟು ದಾಟುವಾಗ ದೊಡ್ಡಪ್ಪ ಹಾರ್ನ್ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಆ ಇನ್ನೊಂದು ಡಬ್ಬಿ ಯಾರದೆಂದು ನಾನು ನೋಡಿಯೇ ಇರಲಿಲ್ಲ.

ಕೋಪ ಬಂದರೆ ದೊಡ್ಡಪ್ಪ ತೆಲುಗಿಗೆ ಇಳಿಯುತ್ತಾರೆ. "ನೀ ತೆಲಿವಿ ತಗಲೆಯ್ಯ" ಎಂದು ನನ್ನ ಬುದ್ಧಿಗೆ ಬೆಂಕಿಯಿಟ್ಟವರು ದಾರಿಯುದ್ದಕ್ಕೂ ಅದನ್ನು ಆರಲು ಬಿಡಲಿಲ್ಲ. ಹಸು ಅಡ್ಡ ಬಂತು, ನನ್ನ ತಪ್ಪು. ಬೈಕು ಅಡ್ಡ ಬಂತು, ನನ್ನ ತಪ್ಪು. ಕೊನೆಗೆ ಮಾವಿನ ಕ್ರೇಟು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ನಟ್ಟನಡುವೆ ಮದುಮಗಳ ಹಾಗೆ ಸಾಗುತ್ತಿತ್ತು. ದೊಡ್ಡಪ್ಪನ ಹೆಬ್ಬೆರಳು ಸತ್ತ ಹಾರ್ನಿನ ಮೇಲೆ ಒದ್ದಾಡಿತು.

"ಮಿಮಿಕ್ರಿ ಮಾಡ್ತೀಯಲ್ಲಲೇ, ಈಗ ಹೊಡಿ."

"ಪೋಂ" ಎಂದೆ.

"ಗ್ಲಾಸ್ ಮುಚ್ಕೊಂಡು ಹೊಡೆದ್ರೆ ಅವರಪ್ಪನಿಗೆ ಕೇಳ್ಸುತ್ತಾ?"

ನನಗೂ ಸಿಟ್ಟು ನೆತ್ತಿಗೇರಿತು. "ನಿಲ್ಲಿಸಿ ದೊಡ್ಡಪ್ಪ. ಆ ಡಬ್ಬಿ ವಾಪಸ್ ಹಾರ್ನಿಗೇ ಹಾಕ್ಕೊಡ್ತೀನಿ. ಕಿಟಕಿ ತಕ್ಕೊಂಡು ಊರೆಲ್ಲ ಹೊಡ್ಕೊಂಡು ಹೋಗಿ. ಎಸಿ ಹಾಳಾಗ್ಲಿ."

ಅವರು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು. ಆಪರೇಷನ್ನಿನ ಭಯಕ್ಕೆ ನಿದ್ದೆಗೆಟ್ಟಿದ್ದ ದೊಡ್ಡಮ್ಮ ತಣ್ಣನೆಯ ಗಾಳಿಗೆ ತಲೆ ಒರಗಿಸಿಕೊಂಡಿದ್ದರು. ದೊಡ್ಡಪ್ಪ ಹಾರ್ನಿನಿಂದ ಕೈ ತೆಗೆದರು. ಚಿಕ್ಕಂದಿನಿಂದ ನಾನು ಅನುಕರಿಸುತ್ತ ಬಂದ ಆ ಗಂಟಲಿನಲ್ಲಿ ಅಷ್ಟು ಮೆತ್ತನೆಯ ದನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅದೊಂದನ್ನು ಅನುಕರಿಸಲು ನನಗೆ ಇನ್ನೂ ಬಂದಿಲ್ಲ.

"ಬೇಡ ಕಣೋ. ಈಗ ತಾನೆ ಮಲಗಿದಾಳೆ. ಟ್ರ್ಯಾಕ್ಟರ್ ಹಿಂದೇನೇ ಹೋಗೋಣ."

ಹಿಂದಿನ ಸೀಟಿನಿಂದ ದೊಡ್ಡಮ್ಮ ಹೇಳಿದರು: "ಎಲ್ಲಿ ಮಲಗಿದೀನಿ? ಹಾರ್ನಿಂದ ಕಿತ್ತಂಗೆ ನಿಮ್ಮಿಬ್ರ ಬಾಯಿಂದಾನೂ ಅದೇನೋ ಡಬ್ಬಿ ಕಿತ್ತಾಕಿ, ಆಮೇಲೆ ಮಲಗ್ತೀನಿ."