ಐವತ್ತರ ಮೇಲೊಂದು

ಅಮೆರಿಕದ ಬ್ಯಾಂಕಿನಲ್ಲಿ ಒಂದು ಪೆಟ್ಟಿಗೆ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಕೊಂಡರೆ ಇಪ್ಪತ್ತೈದು ಡಾಲರ್. ಅದರಲ್ಲಿ ಐವತ್ತು ಸುರುಳಿ, ಸುರುಳಿಗೆ ಐವತ್ತು ನಾಣ್ಯ, ಒಟ್ಟು ಎರಡೂವರೆ ಸಾವಿರ. ಒಂದೊಂದನ್ನೂ ತಿರುಗಿಸಿ ನೋಡಿ, ಹಳೆಯದು ಅಪರೂಪದ್ದು ಸಿಕ್ಕರೆ ತೆಗೆದಿಟ್ಟುಕೊಂಡು, ಮಿಕ್ಕಿದ್ದನ್ನು ಇನ್ನೊಂದು ಬ್ಯಾಂಕಿಗೆ ಕಟ್ಟಿದರೆ ಹಾಕಿದ ದುಡ್ಡು ಹೆಚ್ಚುಕಡಿಮೆ ಪೂರ್ತಿ ವಾಪಸ್ಸು. ಆದ್ದರಿಂದ ಇದಕ್ಕೆ ಖರ್ಚೇ ಇಲ್ಲ ಎಂದು ಗೋಪಿನಾಥನ ವಾದ. ಓಡಾಟದ ಪೆಟ್ರೋಲಿಗೆ ನಾಲ್ಕು ಡಾಲರ್, ಭೂತಗನ್ನಡಿಗೆ ಹನ್ನೊಂದು, ಬಗ್ಗಿ ಕೂತು ಹಿಡಿದುಕೊಂಡ ಸೊಂಟಕ್ಕೆ ಅಂಟಿಸುವ ಪಟ್ಟಿಗೆ ಒಂಬತ್ತು. ಇವನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಂಡತಿ ವೇದಾ ಹಿಡಿದಿದ್ದಳು.

ಗೋಪಿನಾಥನ ಕೆಲಸ ಹೋಗಿ ನಲವತ್ತಮೂರು ದಿನವಾಗಿತ್ತು. ವೀಸಾದ ಮೇಲಿರುವವರಿಗೆ ಕೆಲಸ ಹೋದ ಮೇಲೆ ಅರವತ್ತು ದಿನ ಗಡುವು. ಅಷ್ಟರಲ್ಲಿ ಇನ್ನೊಂದು ಕಂಪನಿ ಕರೆದುಕೊಳ್ಳಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಬೆಳಿಗ್ಗೆಯೆಲ್ಲ ಅರ್ಜಿ ಹಾಕುತ್ತಿದ್ದ. ಯಾರೂ ಉತ್ತರ ಬರೆಯುತ್ತಿರಲಿಲ್ಲ. ಮಧ್ಯಾಹ್ನ ಪೆನ್ನಿ ನೋಡುತ್ತಿದ್ದ. ಪೆನ್ನಿಯಾದರೂ ತಿರುಗಿಸಿದರೆ ಮುಖ ತೋರಿಸುತ್ತಿತ್ತು.

ಹೊಸ ಪೆನ್ನಿ ಅಚ್ಚು ಹಾಕುವುದು ನಿಂತ ಮೇಲೆ ಬ್ಯಾಂಕಿನವರು ಪೆಟ್ಟಿಗೆ ಕೊಡುವುದಕ್ಕೂ ಮುಖ ಸಿಂಡರಿಸತೊಡಗಿದ್ದರು. ಹಾಗೂ ಹೀಗೂ ಕಾಡಿ ಬೇಡಿ ಒಂಬತ್ತು ಪೆಟ್ಟಿಗೆ ಜಾಲಾಡಿದ್ದ. ಹಿಂಬದಿಯಲ್ಲಿ ಗೋಧಿ ತೆನೆಯ ಗುರುತಿರುವ ಹಳೇ ನಾಣ್ಯ ತೊಂಬತ್ತು ಸಿಕ್ಕಿದ್ದವು. ಒಂದೊಂದಕ್ಕೆ ಐದು ಸೆಂಟು ಬಂದರೆ ಹೆಚ್ಚು. ಶನಿವಾರ ಬೆಳಿಗ್ಗೆ ತೊಂಬತ್ತೊಂದನೆಯದು ಸಿಕ್ಕಿತು. ೧೯೫೫ರದು. ಅದರ ಇಸವಿಯೂ ಅಕ್ಷರಗಳೂ ಕುಡುಕನ ಕಣ್ಣಿಗೆ ಬಿದ್ದ ಬೀದಿದೀಪದಂತೆ ಎರಡೆರಡಾಗಿ ಅಚ್ಚಾಗಿದ್ದವು. ಟಂಕಸಾಲೆಯ ತಪ್ಪು. ಇಂಥ ತಪ್ಪಿಗೆ ಬೆಲೆ ಬಹಳ.

ರಾಸ್‌ವೆಲ್‌ನಲ್ಲಿದ್ದ ನಾಣ್ಯದ ವ್ಯಾಪಾರಿಗೆ ಫೋಟೋ ಕಳಿಸಿದ. ಐದು ನಿಮಿಷದಲ್ಲಿ ಫೋನು ಬಂತು. "ಸೋಮವಾರ ತನ್ನಿ. ಸಾವಿರದ ಇನ್ನೂರು ಕೊಡುತ್ತೇನೆ. ತೊಳೆಯಬೇಡಿ, ಉಜ್ಜಬೇಡಿ. ತೊಳೆದರೆ ಅರ್ಧಕ್ಕರ್ಧ ಹೋಯಿತು."

ಗೋಪಿನಾಥ ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಖಾಲಿ ಮಾತ್ರೆ ಡಬ್ಬಿಗೆ ಹಾಕಿ, ಉಳಿದ ಹಳೇ ಪೆನ್ನಿಗಳಿದ್ದ ಪ್ಲಾಸ್ಟಿಕ್ ಡಬ್ಬದ ಪಕ್ಕ ಮೇಜಿನ ಮೇಲಿಟ್ಟ. ವೇದಾಳಿಗೆ ಹೇಳಲಿಲ್ಲ. ನಲವತ್ತಮೂರು ದಿನದ ಮೇಲೆ ಒಂದು ಸಲವಾದರೂ ಅವಳು ಕೇಳದೆಯೇ ಅವಳ ಕೈಗೆ ದುಡ್ಡು ಇಡಬೇಕು ಎಂಬ ಆಸೆ.

"ಏನಾದ್ರೂ ಸಿಕ್ತೇನ್ರೀ?" ಎಂದು ಅವಳು ಕೇಳಿದ್ದಳು.

"ಏನಿಲ್ಲ ಕಣೇ. ಎಲ್ಲಾ ಒಂದೇ ಸೆಂಟು."

ಎಲ್ಲ ಕೆಟ್ಟಿದ್ದು ಆ ಮಾತಿನಿಂದ.

ಮಾರನೆಯ ದಿನ ಭಾನುವಾರ, ಪಕ್ಕದ ಊರು ಅಲ್ಫರೆಟಾದಲ್ಲಿ ರಾಮಲಿಂಗಪ್ಪನವರ ಹೊಸ ಮನೆಯ ಗೃಹಪ್ರವೇಶ. ರಾಮಲಿಂಗಪ್ಪ ದೊಡ್ಡ ಹುದ್ದೆಯಲ್ಲಿದ್ದವರು. ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಡೈರೆಕ್ಟರು. "ಭಾನುವಾರ ಮನೆಗೆ ಬನ್ನಿ ಗೋಪಿನಾಥ್, ಊಟ ಮಾಡ್ಕೊಂಡು ಮಾತಾಡೋಣ. ನಮ್ಮ ಪೇರೋಲ್ ಟೀಮ್‌ನಲ್ಲಿ ಒಂದು ಪೊಸಿಷನ್ ಇದೆ," ಎಂದಿದ್ದರು. ಗಡುವಿಗೆ ಹದಿನೇಳು ದಿನ ಉಳಿದಿದ್ದವನಿಗೆ ಅದು ದೇವರ ಬಾಯಿಂದ ಬಂದ ಮಾತು.

"ಅಲ್ಲಿ ಹೋಗಿ ಸುಮ್ನೆ ಕೂತ್ಕೊಳ್ಳಿ," ಎಂದು ವೇದಾ ಕಾರಿನಲ್ಲಿ ಮೂರು ಸಲ ಹೇಳಿದಳು. "ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ಪೆನ್ನಿ ಮಾತು ಎತ್ತಬೇಡಿ. ಎತ್ತಿದ್ರೆ ನಾನು ಅಲ್ಲಿಂದಲೇ ಊಬರ್ ಹತ್ತಿ ಹೊರಟುಹೋಗ್ತೀನಿ."

ಹೊಸ ಮನೆಯ ಮುಂದೆ ಇಳಿದಾಗ ಅವಳು ಬ್ಯಾಗಿನಿಂದ ಮುಯ್ಯಿಯ ಕವರು ತೆಗೆದು ಅವನ ಕೈಗಿತ್ತಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ರಾಮಲಿಂಗಪ್ಪನವರಿಗೆ ಕೊಟ್ಟ. ಕೈಯಲ್ಲಿ ಕವರಿತ್ತು, ತಲೆಯಲ್ಲಿ ಇಂಟರ್‌ವ್ಯೂ ಇತ್ತು.

"ಊಟ ಆಗ್ಲಿ, ಆಮೇಲೆ ಆಫೀಸ್ ರೂಮಲ್ಲಿ ಕೂತ್ಕೊಳ್ಳೋಣ," ಎಂದರು ರಾಮಲಿಂಗಪ್ಪ ಬೆನ್ನು ತಟ್ಟಿ. ಇಷ್ಟರಮಟ್ಟಿಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು.

ದೇವರ ಮುಂದೆ ಒಂದು ಹಿತ್ತಾಳೆ ತಟ್ಟೆ, ಅದರ ತುಂಬ ಮುಯ್ಯಿಯ ಕವರು. ಪಕ್ಕದ ಸೋಫಾದಲ್ಲಿ ರಾಮಲಿಂಗಪ್ಪನವರ ತಾಯಿ ಮಲ್ಲಮ್ಮ ಕೂತಿದ್ದರು. ರಾಣೆಬೆನ್ನೂರಿನಿಂದ ಆರು ತಿಂಗಳಿಗೆಂದು ಬಂದವರು. ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಆ ತಟ್ಟೆಯ ಮೇಲೆ ಒಂದು ಕಣ್ಣಿಟ್ಟಿದ್ದರು.

ಗೋಪಿನಾಥ ಕೈಮುಗಿದು ಕಣ್ಣು ತೆರೆದ. ಕವರುಗಳ ಮೇಲೆಲ್ಲ ಒಂದೊಂದು ಪೆನ್ನಿ ಫಳಫಳ ಹೊಳೆಯುತ್ತಿತ್ತು.

ಅದೊಂದು ಪದ್ಧತಿ. ಐವತ್ತು ಡಾಲರ್ ಮುಯ್ಯಿ ಮಾಡಿದರೆ ಲೆಕ್ಕ ಸೊನ್ನೆಗೆ ನಿಲ್ಲುತ್ತದೆ, ಶುಭಕ್ಕೆ ಅದು ಆಗದು, ಮೇಲೊಂದು ಸೇರಿಸಬೇಕು. ಆ ಒಂದಕ್ಕೆ ಡಾಲರ್ ನೋಟು ಹಾಕಬಹುದು. ಆದರೆ ಒಂದು ಸೆಂಟಿನಲ್ಲಿ ಮುಗಿಯುವ ಶಾಸ್ತ್ರಕ್ಕೆ ಡಾಲರ್ ಯಾಕೆ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದರು. ಅಂದಿನಿಂದ ಗೋಪಿನಾಥನಿದ್ದ ಜಾನ್ಸ್ ಕ್ರೀಕಿನ ಕನ್ನಡಿಗರೆಲ್ಲ ಕವರಿಗೆ ಪೆನ್ನಿ ಅಂಟಿಸುತ್ತಿದ್ದರು.

"ಹೆಂಗಿದೆ ನಿಮ್ಮನೆ ಪೆನ್ನಿ?" ಎಂದು ಹಿಂದಿನಿಂದ ಶ್ರೀಲತಾಳ ದನಿ ಬಂತು. ಅವಳು ಗೋಪಿನಾಥನ ಮನೆಯಿಂದ ಎರಡು ಮನೆ ಆಚೆಗಿನವಳು. ಬೀದಿಯ ಸುದ್ದಿಯೆಲ್ಲ ಮೊದಲು ಅವಳಲ್ಲಿಗೆ ಬಂದು, ಮೈ ಕೈ ತುಂಬಿಕೊಂಡು ಹೊರಡುತ್ತಿತ್ತು.

"ನಮ್ಮನೆ ಪೆನ್ನಿಯಾ?"

"ಮತ್ತೆ? ಈಗ ಅಂಗಡೀಲೂ ಚಿಲ್ಲರೆಗೆ ಪೆನ್ನಿ ಕೊಡ್ತಿಲ್ಲ. ಬೆಳಿಗ್ಗೆ ನೀವು ಕಾರ್ ವಾಶ್‌ಗೆ ಹೋಗಿದ್ರಲ್ಲ, ಆಗ ವೇದಾ ನಿಮ್ಮ ಮೇಜಿನ ಮೇಲಿದ್ದಿದ್ದನ್ನೆಲ್ಲ ತಂದು ಎಲ್ಲರಿಗೂ ಹಂಚಿದ್ಲು. ಕಪ್ಪು ಹಿಡಿದಿತ್ತು ನೋಡಿ, ನಾವಿಬ್ರೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ವಿ. ದೇವರ ಪಾತ್ರೆ ಥರ ಆಯ್ತು!"

"ಮೇಜಿನ ಮೇಲಿದ್ದಿದ್ದು... ಎಲ್ಲಾನಾ?"

"ಎಲ್ಲಾ. ಒಂದೇ ಸೆಂಟು ಅಂತ ನೀವೇ ಹೇಳಿದ್ರಂತಲ್ಲ."

ಗೋಪಿನಾಥ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಮನೆಯಲ್ಲಿದ್ದ ಮಗಳು ಇಂದುಗೆ ಫೋನು ಮಾಡಿದ.

"ನನ್ನ ಮೇಜಿನ ಮೇಲೆ ಮಾತ್ರೆ ಡಬ್ಬಿ ಇದೆಯಾ ನೋಡು ಪುಟ್ಟಾ."

"ಇದೆ ಅಪ್ಪಾ. ಬಟ್ ಎಂಪ್ಟಿ. ಟಿಶ್ಯೂ ಮಾತ್ರ ಇದೆ. ಆರ್ ಯೂ ಓಕೆ?"

ಅವನು ನೆಟ್ಟಗೆ ಅಡುಗೆಮನೆಗೆ ಬಂದ. ವೇದಾ ಹತ್ತು ಹೆಂಗಸರ ನಡುವೆ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. "ವೇದಾ, ಆ ಪೆನ್ನಿ..." ಎನ್ನುವಷ್ಟರಲ್ಲಿ ಅವಳು ನಗುನಗುತ್ತಲೇ ಅವನ ತೋಳು ಹಿಡಿದು, ಬೇರೆಯವರಿಗೆ ಕಾಣದಂತೆ ಚಿವುಟಿದಳು. "ಇನ್ನೊಂದು ಸಲ ಆ ಶಬ್ದ ಬಂದ್ರೆ ನೋಡಿ. ಹೋಗಿ ಕೂತ್ಕೊಳ್ಳಿ."

ಅಲ್ಲಿ ಒಂದೇ ಒಂದು ವಾಕ್ಯ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ಕೇಳಲಿಲ್ಲ, ಅವಳು ಕೇಳಲು ಬಿಡಲಿಲ್ಲ.

ಗೋಪಿನಾಥ ಲೆಕ್ಕ ಹಾಕಿದ. ಸಾವಿರದ ಇನ್ನೂರು ಹುಣಸೆಹಣ್ಣಿನಲ್ಲಿ ಆರುನೂರಾಯಿತು, ಗೋಂದಿನಲ್ಲಿ ಮುನ್ನೂರಾಯಿತು. ಆದರೂ ಮುನ್ನೂರು ಮುನ್ನೂರೇ. ಮತ್ತೆ ದೇವರ ಮುಂದೆ ಹೋಗಿ ಸಾಷ್ಟಾಂಗ ಬಿದ್ದ. ಏಳುವಾಗ ತಟ್ಟೆಯ ಅಂಚಿನ ನಾಲ್ಕು ಕವರು ನೋಡಿದ. ೧೯೪೪, ೧೯೫೨, ೧೯೫೭, ೧೯೩೯. ಮತ್ತೆ ಬಿದ್ದ. ಮತ್ತೆ ನಾಲ್ಕು.

"ಎಷ್ಟ್ ಸಲ ಬೀಳ್ತಿ ತಮ್ಮಾ?" ಎಂದರು ಮಲ್ಲಮ್ಮ. "ದೇವರಿಗೂ ಬ್ಯಾಸರ ಆಕ್ಕೈತಿ."

"ಕಷ್ಟ ಇದೆ ಅಮ್ಮಾ."

"ಗೊತ್ತೈತಿ ಬಿಡು. ನನ್ ಮಗ ಹೇಳ್ಯಾನ. ಹೋಗಿ ಉಣ್ಣು."

ಅವನು ಉಣ್ಣಲು ಹೋಗಲಿಲ್ಲ. ಎಲ್ಲರೂ ಊಟದ ತಟ್ಟೆ ಹಿಡಿದು ಸಾಲು ನಿಂತರು. ಮಲ್ಲಮ್ಮನಿಗೂ ಜೊಂಪು ಹತ್ತಿದಂತೆ ಕಂಡಿತು. ಗೋಪಿನಾಥ ಕವರುಗಳನ್ನು ಓರಣವಾಗಿ ಜೋಡಿಸುವವನಂತೆ ಮಂಡಿಯೂರಿದ. ಕೈಗೆ ಮೊದಲು ಬಂದದ್ದು ತಮ್ಮ ಮನೆಯದೇ ಕವರು, ಮೇಲೆ ಹುಣಸೆಹಣ್ಣು ಕಾಣದ ಕಪ್ಪು ಪೆನ್ನಿ. ಹೊಳೆಯುವುದನ್ನು ಹುಡುಕುತ್ತಿದ್ದವನಿಗೆ ಅದರಿಂದ ಏನು ಕೆಲಸ? ಅದನ್ನು ಅಡಿಗೆ ಸರಿಸಿ, ಜೇಬಿನಿಂದ ಭೂತಗನ್ನಡಿ ತೆಗೆದು, ಕಣ್ಣಿಗೆ ಹಿಡಿದು, ಒಂದೊಂದೇ ಕವರನ್ನು ಮೂಗಿನ ಹತ್ತಿರ ತಂದು ನೋಡತೊಡಗಿದ.

ಇಪ್ಪತ್ತನೆಯ ಕವರಿನ ಮೇಲೆ ೧೯೫೫ ಸಿಕ್ಕಿತು. ಭೂತಗನ್ನಡಿಯನ್ನು ಇನ್ನೂ ಹತ್ತಿರ ಹಿಡಿದ. ಕೊನೆಯ ಐದು ಎರಡಾಗಿದೆಯೋ, ಅದು ಗೋಂದಿನ ಕಲೆಯೋ ತಿಳಿಯಲಿಲ್ಲ. ಉಗುರಿನಿಂದ ಮೆಲ್ಲಗೆ ಎತ್ತಿದ. ಪೆನ್ನಿ ಬರಲಿಲ್ಲ. ಇನ್ನಷ್ಟು ಎತ್ತಿದ. ಪೆನ್ನಿಯ ಜೊತೆಗೆ ಕವರಿನ ಮೈಯೇ ಪರ್ ಎಂದು ಕಿತ್ತುಬಂತು. ಒಳಗಿನಿಂದ ಹತ್ತು ಡಾಲರಿನ ಒಂದು ನೋಟು ಜಾರಿ, ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಮಲ್ಲಮ್ಮನ ಪಾದದ ಮೇಲೆ ಬಿತ್ತು.

ಮಲ್ಲಮ್ಮ ಕಣ್ಣು ಬಿಟ್ಟರು. ಜೊಂಪು ಹತ್ತಿರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿದ್ದರು ಅಷ್ಟೆ.

"ಯಾರದಿದು?" ಎಂದು ಕವರು ಇಸಿದುಕೊಂಡು, ದೂರ ಹಿಡಿದು, ಗಟ್ಟಿಯಾಗಿ ಓದಿದರು. "ಶ್ರೀ...ಲ...ತಾ."

ಊಟದ ಸಾಲು ಪೂರ್ತಿ ಇತ್ತ ತಿರುಗಿತು. ಶ್ರೀಲತಾ ಕಾರಿನಿಂದ ಇಳಿದಾಗಿನಿಂದ ತಾನು ನೂರೊಂದು ಹಾಕಿದ್ದೇನೆಂದು ನಾಲ್ಕು ಜನಕ್ಕೆ ಹೇಳಿಯಾಗಿತ್ತು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ನೋಡಿದ್ರಾ! ಯಾರು ಎಷ್ಟು ಹಾಕಿದ್ದಾರೆ ಅಂತ ಕವರು ಹರಿದು ನೋಡ್ತಿದಾರೆ! ಕೈಯಲ್ಲಿ ಭೂತಗನ್ನಡಿ ಬೇರೆ!"

"ಇಲ್ಲ ಇಲ್ಲ, ದುಡ್ಡು ನೋಡ್ತಿರಲಿಲ್ಲ," ಎಂದ ಗೋಪಿನಾಥ. "ನನಗೆ ಬೇಕಿದ್ದಿದ್ದು... ಪೆನ್ನಿ. ಅದು ನಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಕೆಲಸ ಹೋದವನು ಮುಯ್ಯಿಯ ಮೇಲಿನ ಒಂದೊಂದು ಸೆಂಟು ಕಿತ್ತುಕೊಳ್ಳುವ ಮಟ್ಟಕ್ಕೆ ಇಳಿದಿದ್ದಾನೆ ಎಂಬ ಮರುಕ ಆ ಮನೆಯಲ್ಲಿ ಹೊಗೆಯಂತೆ ತುಂಬಿಕೊಂಡಿತು. ಯಾರೋ ಅವನ ಕೈಗೆ ಊಟದ ತಟ್ಟೆ ಕೊಟ್ಟು, "ಮೊದಲು ತಿನ್ನಿ," ಎಂದರು. ಇನ್ನೊಬ್ಬರು ಹೋಳಿಗೆ ಎರಡು ಹಾಕಿದರು.

ಅವನು ತಿಂದು ಮುಗಿಸಿದ ಮೇಲೆ ರಾಮಲಿಂಗಪ್ಪ ಆಫೀಸ್ ರೂಮಿಗೆ ಕರೆಯಲಿಲ್ಲ. ಗರಾಜಿಗೆ ಕರೆದೊಯ್ದರು. ಅಲ್ಲಿ ಎಂಬತ್ತು ಜೊತೆ ಚಪ್ಪಲಿಗಳ ನಡುವೆ ನಿಂತು ಮೆಲ್ಲಗೆ ಹೇಳಿದರು.

"ನನಗೆ ನಿಮ್ಮ ಮೇಲೆ ಬೇಜಾರಿಲ್ಲ ಗೋಪಿನಾಥ್. ಆದ್ರೆ ಇದು ಪೇರೋಲ್ ಕೆಲಸ. ಯಾರಿಗೆ ಎಷ್ಟು ಅನ್ನೋದು ಕಣ್ಮುಂದೆ ಇದ್ರೂ ನೋಡಬಾರದು. ಅಷ್ಟೇ ಆ ಕೆಲಸ. ಇಷ್ಟು ಜನ ನೋಡಿಬಿಟ್ರಲ್ಲ, ಇದರಲ್ಲಿ ನಮ್ಮ ಆಫೀಸಿನವರೇ ಆರು ಜನ. ನಾನು ಹೆಂಗೆ ನಿಮ್ಮ ಹೆಸರು ಹೇಳ್ಲಿ?"

ಗೋಪಿನಾಥ ಚಪ್ಪಲಿ ಹುಡುಕಿದ. ಅದೂ ಬೇಗ ಸಿಗಲಿಲ್ಲ.

ಹೊರಡುವಾಗ ಮಲ್ಲಮ್ಮ ಬಾಗಿಲವರೆಗೆ ಬಂದು ವೇದಾಳ ಕೈಗೆ ಅವಳೇ ತಂದಿದ್ದ ಮುಯ್ಯಿಯ ಕವರನ್ನು ಇಟ್ಟು, ಬೆರಳು ಮಡಿಸಿದರು. "ಇಟ್ಕೋ ಯವ್ವಾ. ಕೆಲಸ ಬಂದ ಮ್ಯಾಲೆ ಮಾಡೀರಂತ. ಈಗ ನಿಮಗ ಬೇಕಾಕ್ಕೈತಿ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದೇ ವೇದಾಳಿಗೆ ಹೆಚ್ಚು ಚುಚ್ಚಿದ್ದು.

ಕಾರು ಎರಡು ಸಿಗ್ನಲ್ ದಾಟಿದ ಮೇಲೆ, "ದೇವಸ್ಥಾನದ ಹತ್ರ ನಿಲ್ಸಿ," ಎಂದಳು. ಒಬ್ಬಳೇ ಇಳಿದು ಒಳಗೆ ಹೋದಳು. ಎರಡು ನಿಮಿಷದಲ್ಲಿ ಹಣೆಗೆ ಕುಂಕುಮ ಇಟ್ಟುಕೊಂಡು ವಾಪಸ್ಸು ಬಂದು ಬೆಲ್ಟ್ ಹಾಕಿಕೊಂಡಳು.

"ಈಗ ಹೇಳಿ. ಹದಿನೇಳು ದಿನ ಇಟ್ಕೊಂಡು, ಕೆಲಸ ಕೊಡೋರ ಮನೇಲಿ, ಒಂದು ಸೆಂಟಿಗೆ ಯಾಕೆ ಹಿಂಗೆ ಮಾಡಿದ್ರಿ?"

ಗೋಪಿನಾಥ ಎಲ್ಲ ಹೇಳಿದ. ೧೯೫೫, ಎರಡೆರಡು ಅಚ್ಚು, ಸಾವಿರದ ಇನ್ನೂರು, ಸೋಮವಾರ, ಅವಳ ಕೈಗೆ ಇಡಬೇಕೆಂದಿದ್ದು. ಹುಣಸೆಹಣ್ಣಿನಲ್ಲಿ ತಿಕ್ಕಿದ್ದರಿಂದ ಹೇಗೂ ಮುನ್ನೂರಕ್ಕೆ ಇಳಿದಿತ್ತು ಎಂದು ತನಗೇ ಸಮಾಧಾನ ಹೇಳಿಕೊಂಡ.

ವೇದಾ ಅವನ ಕಡೆ ತಿರುಗಿದಳು. "ಮಾತ್ರೆ ಡಬ್ಬೀಲಿ ಟಿಶ್ಯೂನಲ್ಲಿ ಸುತ್ತಿದ್ದದ್ದಾ?"

"ಹೂಂ."

"ಅದನ್ನ ತಿಕ್ಕಲಿಲ್ಲ ರೀ." ಅವಳ ದನಿ ಸಣ್ಣಗಾಯಿತು. "ಎಲ್ಲರಿಗೂ ಹಂಚಿ ನಮಗೇ ಒಂದೂ ಉಳಿದಿರಲಿಲ್ಲ. ಹೊರಡೋ ಹೊತ್ತಿಗೆ ಆ ಡಬ್ಬಿ ಕಾಣಿಸ್ತು. ತೊಳೆಯೋಕೆ ಟೈಮಿರಲಿಲ್ಲ. ಗೋಂದೂ ಮುಗಿದಿತ್ತು. ಟೇಪು ಹಾಕಿ ನಮ್ಮ ಕವರಿಗೆ ಅಂಟಿಸಿದೆ."

"ಆ ಕವರು ಎಲ್ಲಿ?"

ಅವಳು ಗುಡಿಯ ಕಡೆ ನೋಡಿದಳು. "ತಿರುಗಿ ಕೊಟ್ಟ ಮುಯ್ಯಿ ಮನೆಗೆ ತಗೊಂಡು ಹೋಗಬಾರದು ಅಂತ... ಹುಂಡಿಗೆ ಹಾಕಿಬಿಟ್ಟೆ."

ಗೋಪಿನಾಥ ಓಡಿದ. ದೇವಸ್ಥಾನದ ಆಫೀಸಿನಲ್ಲಿ ಮ್ಯಾನೇಜರ್ ಪವನ ಅವನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದ. ಸಮಾಧಾನ ಅವನ ಕೆಲಸವೇ ಆಗಿತ್ತು.

"ಹುಂಡಿಗೆ ಮೂರು ಬೀಗ ಸರ್, ಮೂರು ಜನ ಕಮಿಟಿ ಮೆಂಬರ್ಸ್ ಹತ್ರ. ಒಬ್ರು ಇಂಡಿಯಾಗೆ ಹೋಗಿದಾರೆ. ಇವತ್ತು ಬೆಳಿಗ್ಗೆ ತಾನೇ ತೆಗೆದು ಎಣಿಸಿದ್ವಿ. ಇನ್ನು ತೆಗೆಯೋದು ಇಪ್ಪತ್ತೆಂಟು ದಿನಕ್ಕೆ. ಅದೂ ದೇವರಿಗೆ ಹಾಕಿದ್ದನ್ನ ವಾಪಸ್ ಕೊಡೋ ರೂಲ್ ಇಲ್ಲ."

"ನನಗೆ ದುಡ್ಡು ಬೇಡ. ಆ ಐವತ್ತು ದೇವರಿಗೇ ಇರಲಿ. ಪೆನ್ನಿ ಒಂದು ಕೊಟ್ರೆ ಸಾಕು."

ಪವನ ಮೇಜಿನ ಡ್ರಾ ಎಳೆದು, ಮೂಲೆಯಲ್ಲಿ ತಡಕಿ, ಒಂದು ಪೆನ್ನಿ ತೆಗೆದು ಅವನ ಅಂಗೈ ಮೇಲಿಟ್ಟ.

"ತಗೊಳ್ಳಿ ಸರ್. ಒಳ್ಳೇದಾಗುತ್ತೆ."

ಗೋಪಿನಾಥ ಅಭ್ಯಾಸಬಲದಿಂದ ಭೂತಗನ್ನಡಿ ತೆಗೆದು ನೋಡಿದ. ೨೦೧೯. ಒಂದೇ ಅಚ್ಚು, ತಪ್ಪಿಲ್ಲದ್ದು.

ಆ ದಿನ ಹೋದದ್ದು ಒಂದು ಕೆಲಸ, ಐವತ್ತು ಡಾಲರ್, ಮತ್ತು ಸಾವಿರದ ಇನ್ನೂರು ಡಾಲರಿನ ಒಂದು ನಾಣ್ಯ. ಬಂದದ್ದು ಒಂದು ಸೆಂಟು.